ಬಿಳಿ ಹುಬ್ಬು

ಜನವರಿ 9, 2024, ಮಂಗಳವಾರ

ಕ್ರೀಮ್ ಕಂಪನಿಯ ಏಜೆಂಟ್ ಪ್ರತಿವರ್ಷ ಕೊಡುವ ಡೈರಿಯಲ್ಲಿ ಇದುವರೆಗೆ ನಾನು ಬರೆದದ್ದು ಗಿರಾಕಿಗಳ ಹೆಸರು, ಅವರು ಬರುವ ಹೊತ್ತು, ಅಷ್ಟೇ. ಈ ಸಲದ್ದನ್ನು ಪಾರ್ಲರಿಗೆ ಒಯ್ಯದೆ ಮನೆಯಲ್ಲೇ ಇಟ್ಟುಕೊಂಡೆ. ಈಗ ನನ್ನದೇ ಸುದ್ದಿ ಇದೆ.

ಹಿಮ್ಮಡಿಯ ಕಪ್ಪು ಚುಕ್ಕೆ ಕ್ಯಾನ್ಸರ್ ಅಂತೆ. ಚರ್ಮದ ಕ್ಯಾನ್ಸರ್. ಮೆಲನೋಮ ಎಂದು ಹೆಸರು.

ಅದನ್ನು ಮೊದಲು ಕಂಡವಳು ಪ್ರಿಯಾ. ನಾವಿಬ್ಬರೂ ಸೇರಿ ರಾಮಮೂರ್ತಿ ನಗರದಲ್ಲಿ ಪಾರ್ಲರ್ ಹಾಕಿ ಎಂಟು ವರ್ಷವಾಯಿತು. ದೀಪಾವಳಿಯ ಗಲಾಟೆ ಮುಗಿದ ಮೇಲೆ ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಹೊಸ ಪೆಡಿಕ್ಯೂರ್ ಟಬ್ಬಿನಲ್ಲಿ ನನ್ನ ಕಾಲನ್ನೇ ಮುಳುಗಿಸಿ, ಉಜ್ಜಿ ಉಜ್ಜಿ, "ಅಕ್ಕಾ, ಇದೇನು ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ?" ಎಂದಳು. ಕನ್ನಡಿ ಹಿಡಿದು ನೋಡಿಕೊಂಡೆ. ಒಂದು ಕಡೆ ಮಸಿ, ಒಂದು ಕಡೆ ಕಂದು, ಅಂಚು ಅಂಕುಡೊಂಕು. ಎಲ್ಲೋ ಎಡವಿ ರಕ್ತ ಹೆಪ್ಪುಗಟ್ಟಿದ್ದೀತು ಎಂದುಕೊಂಡೆ. ಆಕೆ ಬಿಡಲಿಲ್ಲ. ತೋರಿಸಿಕೊಳ್ಳಿ ತೋರಿಸಿಕೊಳ್ಳಿ ಎಂದು ಪೀಡಿಸಿ ಕಳಿಸಿದಳು.

"ಚರ್ಮಕ್ಕೆ ಬಣ್ಣ ಮಾಡೋ ಜೀವಕೋಶಗಳಿರ್ತವಲ್ಲ, ಅವು ದಾರಿ ತಪ್ಪಿವೆ," ಎಂದರು ಡಾಕ್ಟರ್ ಆದಿಲಕ್ಷ್ಮಿ. ಹಲಸೂರಿನ ಆಸ್ಪತ್ರೆಯವರು, ನನ್ನಷ್ಟೇ ವಯಸ್ಸಿರಬೇಕು.

"ಬಿಸಿಲೇ ಬೀಳದ ಕಡೆ ಹೆಂಗೆ ಬಂತು ಮೇಡಂ?"

"ನಮ್ಮ ಜನಕ್ಕೆ ಜಾಸ್ತಿ ಬರೋದೇ ಅಂಗಾಲಲ್ಲಿ, ಉಗುರಿನ ಅಡೀಲಿ. ಯಾಕೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ."

ಗೊತ್ತಿಲ್ಲ ಎಂದು ಹೇಳುವ ಡಾಕ್ಟರನ್ನು ನಾನು ಮೊದಲ ಸಲ ನೋಡಿದೆ. ಬಣ್ಣ ಮಾಡುವ ಕೋಶಗಳು! ಈ ಕೆಲಸ ಕಲಿತ ಹದಿನೆಂಟು ವರ್ಷದಿಂದ ನನ್ನ ಅನ್ನ ನಡೆದಿರುವುದೇ ಅವುಗಳ ಮೇಲೆ. ಇಂದು ಬೆಳಗ್ಗೆ ಆಸ್ಪತ್ರೆಗೆ ಹೋಗುವ ಮುಂಚೆ ಕೂಡ ಒಂದು ಬಂಗು ಬಿದ್ದ ಮುಖಕ್ಕೆ, ಎರಡು ಬಿಸಿಲು ಸುಟ್ಟ ಕತ್ತಿಗೆ ಬ್ಲೀಚ್ ಹಚ್ಚಿ ಹೋಗಿದ್ದೆ.

ಗಂಡ ದುರ್ಗೇಶ ಕಾರಿನಲ್ಲಿ ಮನೆಗೆ ಕರೆತಂದ. ಮನೆ ಬಾಗಿಲು ತೆರೆದ ಮೇಲೆ, "ಇವತ್ತು ಅನ್ನಕ್ಕ ನಾ ಇಡ್ತೀನಿ," ಎಂದ.

"ಯಾರಿಗೂ ಹೇಳಬ್ಯಾಡ್ರಿ. ಊರಿಗಂತೂ ಬ್ಯಾಡೇ ಬ್ಯಾಡ," ಎಂದೆ ನಾನು.

ಪ್ರಿಯಾಗೆ ಫೋನಿನಲ್ಲಿ, ಅದು ಬರೀ ಆಣಿ, ಕೊಯ್ದು ತೆಗೆಯುತ್ತಾರೆ ಎಂದೆ. ಚರ್ಮದ ಕ್ಯಾನ್ಸರ್ ಬಂದವಳ ಕೈಗೆ ಯಾರು ಮುಖ ಕೊಡುತ್ತಾರೆ?

ಜನವರಿ 27, ಶನಿವಾರ

ಆಪರೇಷನ್ ಆಯಿತು. ಹಿಮ್ಮಡಿಯ ಒಂದು ತುಂಡು ತೆಗೆದು, ತೊಡೆಯ ಚರ್ಮವನ್ನು ಅಲ್ಲಿಗೆ ತೇಪೆ ಹಾಕಿದ್ದಾರೆ. ತೊಡೆಯಲ್ಲಿ ಕೂದಲು ಬರುವ ಜಾಗವದು. ಹಿಮ್ಮಡಿಯಲ್ಲೂ ಬರುತ್ತದೆಯೇ? ಕೇಳಿದ್ದಕ್ಕೆ ನರ್ಸ್ ನಕ್ಕುಬಿಟ್ಟಳು.

ಫೆಬ್ರವರಿ 15, ಗುರುವಾರ

ತೊಡೆಸಂದಿಯ ಗ್ರಂಥಿಗೂ ಹೋಗಿದೆ, ಶ್ವಾಸಕೋಶಕ್ಕೂ ಹೋಗಿದೆ. ಡಾಕ್ಟರ್ ಕಂಪ್ಯೂಟರಿನಲ್ಲಿ ತೋರಿಸಿದರು. ಕಪ್ಪು ಆಕಾಶದಂಥ ಶ್ವಾಸಕೋಶದಲ್ಲಿ ಮೂರು ಬಿಳಿ ಕಾಳು. ಕಪ್ಪು ರೋಗ ಅಲ್ಲಿ ಬಿಳಿಯಾಗಿ ಕಾಣುವುದು ವಿಚಿತ್ರ ಎನಿಸಿತು. ವಿಚಿತ್ರ ಎನಿಸಿದ್ದು ಮೊದಲು, ಭಯ ಆಮೇಲೆ. ಹೀಗೇಕೆ?

"ಇಮ್ಯುನೋಥೆರಪಿ ಕೊಡೋಣ," ಎಂದರು ಡಾಕ್ಟರ್. ಆಸ್ಪತ್ರೆಯಲ್ಲಿ ನಡೆಯುತ್ತಿರುವ ಒಂದು ಅಧ್ಯಯನಕ್ಕೆ ನಾನು ಹೊಂದುವುದರಿಂದ ಔಷಧಿ ಅವರೇ ಕೊಡುತ್ತಾರಂತೆ. "ನಿಮ್ಮ ರಕ್ತದಲ್ಲಿ ಕಾವಲು ಕಾಯೋ ಕಣಗಳಿವೆ. ಅವಕ್ಕೊಂದು ಬ್ರೇಕ್ ಇರುತ್ತೆ, ಸಿಕ್ಕಸಿಕ್ಕಿದ್ದಕ್ಕೆಲ್ಲ ಹೊಡೀದೇ ಇರ್ಲಿ ಅಂತ. ಕ್ಯಾನ್ಸರ್ ಆ ಬ್ರೇಕ್ ಒತ್ತಿ ಹಿಡಿದು ತಪ್ಪಿಸ್ಕೊಳ್ಳುತ್ತೆ. ಈ ಔಷಧಿ ಬ್ರೇಕ್ ಬಿಡಿಸುತ್ತೆ. ಹೊಡೆಯೋದು ನಿಮ್ಮ ಕಣಗಳೇ."

ದುರ್ಗೇಶ ಅಲ್ಲಿಯತನಕ ನೆಲ ನೋಡುತ್ತಿದ್ದ. ಮಹದೇವಪುರದ ಕಂಪನಿಗಳಿಗೆ ಕ್ಯಾಬ್ ಓಡಿಸುವವನಿಗೆ ಬ್ರೇಕ್ ಎಂದ ಕೂಡಲೇ ತಲೆ ಎತ್ತಬೇಕಾಯಿತು.

"ಬ್ರೇಕ್ ಬಿಡಿಸಿದ್ರೆ ಗಾಡಿ ಎಲ್ಲಿಗಾದ್ರೂ ನುಗ್ಗಬಹುದಲ್ರೀ ಡಾಕ್ಟ್ರೇ?"

"ನುಗ್ಗಬಹುದು. ಕರುಳಿಗೆ, ಥೈರಾಯ್ಡಿಗೆ, ಶ್ವಾಸಕೋಶಕ್ಕೆ. ಅದಕ್ಕೇ ಹೇಳ್ತಿರೋದು, ಏನೇ ಹೊಸದು ಕಂಡ್ರೂ ಅವತ್ತೇ ಫೋನ್ ಮಾಡಿ."

"ಎಲ್ಲರಿಗೂ ಕೆಲಸ ಮಾಡುತ್ತಾ ಮೇಡಂ?" ಎಂದೆ ನಾನು.

"ಇಲ್ಲ ರೇವತಿ. ಅಂಗಾಲಿಂದ ಶುರುವಾದದ್ದಕ್ಕೆ ಇನ್ನೂ ಕಮ್ಮಿ. ಸುಳ್ಳು ಹೇಳಲ್ಲ."

ಮಾರ್ಚ್ 4, ಸೋಮವಾರ

ಮೊದಲ ಡೋಸ್. ಕೆಂಪಗೋ ಹಳದಿಯೋ ಇರುತ್ತದೆ ಎಂದುಕೊಂಡಿದ್ದೆ. ನೀರಿನಂತಿತ್ತು. ಒಂದು ಫೇಶಿಯಲ್ ಮುಗಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಅಹ್ಮದ್ ಪಾಷಾ ಎಂಬ ಹಿರಿಯರು. ಶಿವಾಜಿನಗರದಲ್ಲಿ ಅತ್ತರಿನ ಅಂಗಡಿ. ಅವರಿಗೆ ಕಿಡ್ನಿಯ ಕ್ಯಾನ್ಸರ್, ಔಷಧಿ ಮಾತ್ರ ಇದೇ. ಕಿಡ್ನಿಗೂ ಚರ್ಮಕ್ಕೂ ಒಂದೇ ಔಷಧಿ ಹೇಗೆ ಎಂದು ನಾನು ನರ್ಸನ್ನು ಕೇಳುತ್ತಿದ್ದೆ. ಅವರೇ ಉತ್ತರ ಕೊಟ್ಟರು.

"ದವಾ ರೋಗಕ್ಕಲ್ಲ ಬೇಟಿ, ನಮಗೆ. ಡಾಕ್ಟರ್ ಅಮ್ಮ ಹಂಗೇ ಹೇಳಿದ್ರು. ಒಂದೇ ಅತ್ತರ್ ನೋಡಿ, ನಿಮ್ಮ ಕೈಮೇಲೆ ಒಂದು ವಾಸನೆ, ನನ್ನ ಕೈಮೇಲೆ ಒಂದು. ಇದೂ ಹಂಗೇ ಇರ್ಬೇಕು."

ನನ್ನ ಮುಂಗೈ ಹಿಂಭಾಗಕ್ಕೆ ಚೂರು ಹಚ್ಚಿದರು. ಖಸ್ ಅಂತೆ, ನಮ್ಮ ಲಾವಂಚ. ಮನೆಗೆ ಬಂದ ಮೇಲೆ ದುರ್ಗೇಶನ ಕೈಗೆ ನನ್ನ ಕೈ ಒರೆಸಿ ಮೂಸಿ ನೋಡಿದೆ. ನಿಜ. ಅವನ ಕೈಮೇಲೆ ಮಣ್ಣಿನ ವಾಸನೆ ಹೆಚ್ಚು. "ಏನ್ ಮಾಡ್ಲಿಕತ್ತಿ?" ಎಂದು ಕೈ ಎಳೆದುಕೊಂಡ. ಆದರೆ ಆಮೇಲೆ ತಾನೂ ಮೂಸಿ ನೋಡಿಕೊಂಡ.

ಬೇರೆ ಏನೂ ಆಗಲಿಲ್ಲ. ವಾಂತಿಯಿಲ್ಲ, ಕೂದಲು ಉದುರಲಿಲ್ಲ. ಒಳಗೆ ಯಾರಾದರೂ ಎದ್ದಿದ್ದಾರೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ.

ಏಪ್ರಿಲ್ 20, ಶನಿವಾರ

ಮೂರನೆಯ ಡೋಸ್ ಆಗಿ ವಾರವಾಗುತ್ತ ಬಂತು. ಬೋರ್‌ವೆಲ್ ಬತ್ತಿದೆ. ಟ್ಯಾಂಕರ್ ಬಂದ ದಿನ ಡ್ರಮ್ ತುಂಬಿಸಿಕೊಳ್ಳಬೇಕು. ನನಗೆ ಹೊಟ್ಟೆ ಸರಿಯಿಲ್ಲ, ಭೇದಿ. ಹೇಳಿದರೆ ಔಷಧಿ ನಿಲ್ಲಿಸುತ್ತಾರೆ. ಮಜ್ಜಿಗೆ ಕುಡಿದರೆ ಸರಿಹೋಗುತ್ತದೆ.

ಏಪ್ರಿಲ್ 22, ಸೋಮವಾರ

ಹೊಟ್ಟೆ ಸರಿಹೋಗಿಲ್ಲ.

ಏಪ್ರಿಲ್ 30, ಮಂಗಳವಾರ

ಆಸ್ಪತ್ರೆಯಿಂದ ಇಂದು ಮನೆಗೆ ಬಂದೆ. ನಡೆದದ್ದನ್ನು ಬರೆಯುತ್ತೇನೆ.

ನನ್ನ ಗುಟ್ಟು ಬಯಲಾದದ್ದು ಡ್ರಮ್ಮಿನಿಂದ. ದುರ್ಗೇಶ ಡ್ಯೂಟಿ ಮುಗಿಸಿ ಬಂದು ಕಾಲು ತೊಳೆಯಲು ಚೊಂಬು ಮುಳುಗಿಸಿದರೆ ತಳದ ಸದ್ದು ಬಂತು.

"ನಿನ್ನಿ ಸಂಜಿಗಿ ಕಂಠಮಟ ತುಂಬಿಸೀನಿ. ನೀರು ಎಲ್ಲಿ ಹೋಯ್ತು?"

"ಬಟ್ಟಿ ಒಗದೀನಿ."

ಅವನು ಹಗ್ಗದ ಕಡೆ ನೋಡಿದ. ಒಂದು ಟವೆಲ್ ಮಾತ್ರ ಇತ್ತು. ನನ್ನ ಕಡೆ ನೋಡಿದ. ಮುಂದಿನದೆಲ್ಲ ಅರ್ಧಂಬರ್ಧ ನೆನಪು. ಹಳೇ ಮದ್ರಾಸು ರಸ್ತೆಯಲ್ಲಿ ಹಾರನ್ ಒತ್ತಿಹಿಡಿದೇ ಓಡಿಸಿದ. ಹಾರನ್ ಮಾಡುವವರನ್ನು ಬೈಯುವ ಮನುಷ್ಯ ಅವನು.

ಕರುಳು ಊದಿಕೊಂಡಿತ್ತಂತೆ. ಅದಕ್ಕೆ ಹೊಡೆದದ್ದೂ ನನ್ನವೇ ಕಣಗಳು. ಡಾಕ್ಟರ್ ಆದಿಲಕ್ಷ್ಮಿ ಬೈದರು, ಚೆನ್ನಾಗಿಯೇ ಬೈದರು. "ಇನ್ನೆರಡು ದಿನ ಬಿಟ್ಟಿದ್ರೆ ಕರುಳು ತೂತು ಬಿದ್ದಿರೋದು. ಔಷಧಿ ನಿಲ್ಲುತ್ತೆ ಅಂತ ಹೆದರಿ ಜೀವಾನೇ ನಿಲ್ಲಿಸ್ಕೋತಿದ್ರಲ್ರೀ!" ಸ್ಟೆರಾಯ್ಡ್ ಶುರುವಾಗಿದೆ. ಎಬ್ಬಿಸಿದವರನ್ನು ಮತ್ತೆ ಮಲಗಿಸುವ ಔಷಧಿ. ಇಮ್ಯುನೋಥೆರಪಿ ಸದ್ಯಕ್ಕಿಲ್ಲ.

ಶುಕ್ರವಾರ ಮತದಾನವಿತ್ತು. ವಾರ್ಡಿನ ನರ್ಸುಗಳ ಬೆರಳಿಗೆಲ್ಲ ಶಾಯಿ. ಒಬ್ಬಳು ದುರ್ಗೇಶನ ಬೆರಳು ನೋಡಿ, "ಯಾಕಣ್ಣ, ವೋಟ್ ಹಾಕ್ಲಿಲ್ವಾ?" ಎಂದಳು. "ಈಕಿ ಇಲ್ಲಿ ಮಲಗ್ಯಾಳ. ನಾ ಅಲ್ಲಿ ಹೋಗಿ ಸಾಲಿನ್ಯಾಗ ನಿಲ್ಲಲೇನು?" ಎಂದು ಅವಳ ಮೇಲೇ ರೇಗಿದ. ನನ್ನ ಮೇಲೆ ಮಾತ್ರ ರೇಗಲಿಲ್ಲ. ರೇಗಿದ್ದರೆ ಸುಲಭವಿತ್ತು.

ಮೇ 28, ಮಂಗಳವಾರ

ಸ್ಕ್ಯಾನ್. ಕಾಳುಗಳು ದೊಡ್ಡದಾಗಿಲ್ಲ, ಚಿಕ್ಕದೂ ಆಗಿಲ್ಲ. ಇದನ್ನು ಸಂತೋಷ ಎನ್ನಬೇಕೋ ಏನನ್ನಬೇಕೋ ಡಾಕ್ಟರ್ ಮುಖ ನೋಡಿ ತಿಳಿಯಲು ಪ್ರಯತ್ನಿಸಿದೆ. ಆಕೆಯೂ ನನ್ನ ಮುಖ ನೋಡುತ್ತಿದ್ದರು.

"ಔಷಧಿ ನಿಂತಿದೆಯಲ್ಲ ಮೇಡಂ, ಒಳಗೆ ಈಗ ಯಾರು ಕೆಲಸ ಮಾಡ್ತಿರ್ತಾರೆ?"

"ಒಂದು ಸಲ ಕಲಿತ ಕಣಗಳು ಕಲಿತಿದ್ದನ್ನ ಅಷ್ಟು ಬೇಗ ಮರೆಯಲ್ಲ. ಕಲಿತಿದ್ರೆ."

ಸ್ಟೆರಾಯ್ಡ್ ತೀರಾ ಕಡಿಮೆಯಾದ ಮೇಲೆ ಔಷಧಿ ಮತ್ತೆ ಶುರು ಮಾಡುತ್ತಾರಂತೆ. ಸ್ಟೆರಾಯ್ಡಿನಿಂದಾಗಿ ಮುಖ ಕುಂಬಳಕಾಯಿಯಂತಾಗಿದೆ. "ತುಂಬ್ಕೊಂಡಿದೀರ ಮೇಡಂ, ಕಳೆ ಬಂದಿದೆ" ಎಂದಳು ಒಬ್ಬ ಗಿರಾಕಿ. ಯಾವ ಕ್ರೀಮ್ ಎಂದೂ ಕೇಳಿದಳು.

ಜುಲೈ 11, ಗುರುವಾರ

ಜೂನ್‌ನಿಂದ ಔಷಧಿ ಮತ್ತೆ ನಡೆಯುತ್ತಿದೆ. ಹೊಟ್ಟೆ ತಣ್ಣಗಿದೆ.

ಬೆಳಗ್ಗೆ ಕನ್ನಡಿಯಲ್ಲಿ ಬಲಹುಬ್ಬಿನ ಮೂಲೆಗೆ ಪೌಡರ್ ಅಂಟಿದ ಹಾಗೆ ಕಂಡಿತು. ಒರೆಸಿದೆ. ಹೋಗಲಿಲ್ಲ. ಪಾರ್ಲರಿನ ಭೂತಗನ್ನಡಿ ದೀಪದ ಕೆಳಗೆ ನೋಡಿದರೆ ಕೂದಲು ಬುಡದಿಂದಲೇ ಬಿಳಿ, ಅದರಡಿಯ ಚರ್ಮವೂ ಬಿಳಿ. ತುಟಿಯ ಕೆಳಗೊಂದು, ಬೆರಳ ಗೆಣ್ಣುಗಳ ಮೇಲೆ ಚುಕ್ಕಿಗಳು. ನೋವಿಲ್ಲ, ತುರಿಕೆಯಿಲ್ಲ, ಹೊಪ್ಪಳೆಯಿಲ್ಲ. ಅಂಚು ಎಷ್ಟು ನಯವಾಗಿದೆ ಎಂದರೆ, ನಾನು ಕೈಯಿಂದ ಬರೆದಿದ್ದರೂ ಅಷ್ಟು ನಯ ಬರುತ್ತಿರಲಿಲ್ಲ.

ಏನೇ ಹೊಸದು ಕಂಡರೂ ಅವತ್ತೇ ಎಂದಿದ್ದರಲ್ಲ. ಈ ಸಲ ಫೋನ್ ಮಾಡಿದೆ. ಫೋಟೊ ಕಳಿಸಿ ಎಂದರು ಡಾಕ್ಟರ್. ಗಾಬರಿಯಿಲ್ಲ, ಮುಂದಿನ ಡೋಸಿಗೆ ಬಂದಾಗ ನೋಡುತ್ತೇನೆ ಎಂದು ಬರೆದರು. ಗಾಬರಿ ಅವರಿಗಿಲ್ಲ. ತೊನ್ನು ಅಂತಾರೆ ಜನ. ಫೌಂಡೇಶನ್ ಎರಡು ಪದರ, ಮೇಲೆ ಪೌಡರ್, ಹುಬ್ಬಿಗೆ ಪೆನ್ಸಿಲ್ ಹಾಕಿ ಅಂಗಡಿಗೆ ಹೋದೆ.

ಜುಲೈ 19, ಶುಕ್ರವಾರ

ಕೈ ತೊಳೆದರೆ ಬೆರಳಿಗೆ ಹಚ್ಚಿದ ಫೌಂಡೇಶನ್ ಹೋಗುತ್ತದೆ. ಅದು ನೆನಪಾಗಲಿಲ್ಲ. ಫೇಶಿಯಲ್‌ಗೆ ಬಂದ ಹೆಂಗಸಿನ ಕೆನ್ನೆಗೆ ಕೈ ಇಟ್ಟೆ. ಕಣ್ಣು ತೆರೆದು ನನ್ನ ಬೆರಳು ನೋಡಿದಳು. ಮುಖವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಕೂಗಾಡಲಿಲ್ಲ. "ಇವತ್ತು ಬೇಡ ಮೇಡಂ, ಲೇಟಾಯ್ತು," ಎಂದು ಚೀಲ ಎತ್ತಿಕೊಂಡು ಹೋದಳು.

ಅಂಗಡಿ ಖಾಲಿಯಾದ ಮೇಲೆ ಪ್ರಿಯಾ ಹತ್ತಿರ ಬಂದಳು. "ಅಕ್ಕ, ಬೇಜಾರ್ ಮಾಡ್ಕೋಬೇಡಿ. ಸ್ವಲ್ಪ ದಿನ ಗ್ಲೌಸ್ ಹಾಕೊಂಡು ಮಾಡಿ. ಇಲ್ಲಾಂದ್ರೆ ಫೇಸ್ ಎಲ್ಲ ನಾನು ನೋಡ್ಕೋತೀನಿ, ನೀವು ಕೂದಲು ಮಾತ್ರ."

ಆಗಲಿ ಎಂದೆ. ಮನೆಗೆ ಬಂದು ಅತ್ತೆ. ಶ್ವಾಸಕೋಶದ ಕಾಳು ನೋಡಿದಾಗ ಕೂಡ ಹೀಗೆ ಅತ್ತಿರಲಿಲ್ಲ.

ಜುಲೈ 22, ಸೋಮವಾರ

ಡಾಕ್ಟರ್ ಆದಿಲಕ್ಷ್ಮಿ ಹತ್ತಿಯಿಂದ ನನ್ನ ಫೌಂಡೇಶನ್ನನ್ನು ತಾವೇ ಒರೆಸಿ, ದೀಪ ಹಿಡಿದು ನೋಡಿ, ಹೊರಗೆ ನಿಂತಿದ್ದ ವಿದ್ಯಾರ್ಥಿಗಳನ್ನೆಲ್ಲ ಕರೆದರು. ಹುಬ್ಬಿಗೆ ಜಾತ್ರೆಯೇ ನೆರೆಯಿತು.

"ನಿಮ್ಮ ಕಣಗಳು ಕ್ಯಾನ್ಸರ್ ಕೋಶದ ಮುಖ ಗುರುತು ಹಿಡಿಯೋಕೆ ಕಲಿತಿರೋ ಹಾಗಿದೆ. ಆ ಕೋಶ ಹುಟ್ಟಿದ್ದೇ ಚರ್ಮಕ್ಕೆ ಬಣ್ಣ ಮಾಡೋ ಕೋಶದಿಂದ. ಮುಖ ಒಂದೇ ಥರ. ಅದಕ್ಕೆ ಪಾಪದ ಬಣ್ಣದ ಕೋಶಗಳಿಗೂ ಏಟು ಬೀಳ್ತಿದೆ."

"ಅಂದ್ರೆ ಇದು ಒಳ್ಳೇದಾ?"

"ಈ ರೋಗದಲ್ಲಿ, ಈ ಔಷಧಿ ತಗೊಂಡವರಲ್ಲಿ, ಬಿಳಿ ಆದವರಿಗೆ ಗುಣ ಜಾಸ್ತಿ ಕಂಡಿದೀವಿ. ಗ್ಯಾರಂಟಿ ಅಲ್ಲ. ಅಂಟೋದಂತೂ ಅಲ್ಲ. ಕಾಳು ಏನಾಗಿದೆ ಅಂತ ಮುಂದಿನ ತಿಂಗಳು ನೋಡೋಣ."

ದುರ್ಗೇಶ ಒಂದೊಂದು ಮಾತನ್ನೂ ತುಟಿಯಲ್ಲೇ ಮತ್ತೆ ಹೇಳಿಕೊಳ್ಳುತ್ತಿದ್ದ.

ಹೊರಗೆ ಅಹ್ಮದ್ ಪಾಷಾ ಸಿಕ್ಕರು. ಬಡಕಲಾಗಿದ್ದಾರೆ. ಅವರಿಗೆ ಈ ಔಷಧಿ ಹತ್ತಲಿಲ್ಲ, ಮಾತ್ರೆಗೆ ಬದಲಾಯಿಸಿದ್ದಾರೆ. ನನ್ನ ಮುಖವನ್ನೇ ನೋಡಿದರು. ಮುಚ್ಚಿಕೊಳ್ಳಲು ಸೆರಗು ಎಳೆದುಕೊಂಡೆ.

"ಮುಚ್ಚಬೇಡ ಬೇಟಿ. ನಿಂದು ಎದ್ದು ಕೂತಿದೆ. ನಂದು ಇನ್ನೂ ಮಲ್ಗಿ ಖರ್ರಾಟೆ ಹೊಡೀತಿದೆ." ನಕ್ಕರು. ನನಗೆ ನಗಲು ಆಗಲಿಲ್ಲ. ನನಗೆ ಹತ್ತಿದ್ದು ಅವರಿಗೆ ಯಾಕೆ ಹತ್ತಲಿಲ್ಲ? ಇಬ್ಬರೂ ಒಂದೇ ದಿನ, ಪಕ್ಕಪಕ್ಕದಲ್ಲಿ ಕೂತು ಏರಿಸಿಕೊಂಡಿದ್ದೆವು. ಡಾಕ್ಟರನ್ನು ಕೇಳಿದರೆ ಇದಕ್ಕೂ ಪೂರ್ತಿ ಗೊತ್ತಿಲ್ಲ ಎನ್ನುತ್ತಾರೆ.

ಜುಲೈ 23, ಮಂಗಳವಾರ

ಪ್ರಿಯಾಗೆ ಹೇಳಿದೆ. ಎಲ್ಲ. ಆಕೆ ಕೈಯಲ್ಲಿದ್ದ ದಾರದ ಉಂಡೆಯನ್ನು ಗೋಡೆಗೆ ಎಸೆದಳು.

"ಆಣಿ ಅಂದ್ರಲ್ಲಕ್ಕ! ಆರು ತಿಂಗಳು! ನಾನು ನಿಮಗೆ ಗ್ಲೌಸ್ ಹಾಕೊಳ್ಳಿ ಅಂದೆ, ನೀವು ಹೂಂ ಅಂದ್ರಿ. ಬಾಯಿಬಿಟ್ಟು ಬೈಬಾರ್ದಾಗಿತ್ತಾ ನಂಗೆ?"

ಆಮೇಲೆ ನನ್ನ ಕಾಲು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ತೇಪೆ ನೋಡಿದಳು. ಕೂದಲು ಬಂದಿದೆ. ಎರಡು. ಇಬ್ಬರೂ ಎಣಿಸಿ ನಕ್ಕೆವು.

ಆಗಸ್ಟ್ 4, ಭಾನುವಾರ

ಸುರಪುರದಿಂದ ಅವ್ವ ಹೇಳದೆ ಕೇಳದೆ ಬಂದಳು. ಕೆ.ಆರ್. ಪುರದಲ್ಲಿ ಇಳಿದು ಆಟೊ ಹಿಡಿದು, ರೊಟ್ಟಿಯ ಗಂಟಿನ ಸಮೇತ ಬಾಗಿಲಲ್ಲಿ ನಿಂತಿದ್ದಳು. ನನ್ನ ತುಟಿ ನೋಡಿದವಳೇ ಗಂಟು ಕೆಳಗಿಟ್ಟಳು.

"ಯವ್ವಾ, ತೊನ್ನಲ್ಲೇನ ಇದು? ನಮ್ಮ ಮನಿತನದಾಗ ಯಾರಿಗೂ ಇಲ್ಲಲ್ಲೇ!"

ಟೀ ಸೋಸುತ್ತಿದ್ದ ದುರ್ಗೇಶ ಸೋಸುವುದನ್ನು ಅಲ್ಲಿಗೇ ಬಿಟ್ಟು ಬಂದು ಆಕೆಯ ಎದುರು ನೆಲದ ಮೇಲೆ ಕೂತ.

"ಅತ್ತೀ, ಕೂಡ್ರಿ. ಆಕಿಗಿ ಕ್ಯಾನ್ಸರ್ ಆಗ್ಯಾದ. ಅಳಬ್ಯಾಡ್ರಿ, ಪೂರಾ ಕೇಳ್ರಿ. ಅಂಗಾಲಿಂದ ಎದಿಗಿ ಹೋಗ್ಯಾದ. ಔಷಧ ನಡದಾದ. ಈ ಬಿಳಿ ಅದಲ್ಲ, ಅದು ರೋಗ ಅಲ್ಲ. ಆಕಿ ರಕ್ತ ರೋಗದ ಸಂಗಡ ಹೊಡದಾಡ್ಲಿಕತ್ತಾದ. ಹೊಡದಾಟದಾಗ ನಡುವ ಸಿಕ್ಕವರಿಗಿ ಎರಡು ಏಟು ಬೀಳ್ತಾವಲ್ಲ, ಹಂಗ ಬಣ್ಣಕ್ಕ ಬಿದ್ದಾವ. ಅಂಟಂಗಿಲ್ಲ. ನಾ ದಿನಾ ಆಕಿ ತಾಟಿನ್ಯಾಗೇ ಉಣ್ತೀನಿ, ನೋಡ್ರಿ, ಏನಾಗ್ಯಾದ ನನಗ?"

ಮದುವೆಯಾಗಿ ಇಪ್ಪತ್ತೆರಡು ವರ್ಷ. ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ. ಅವ್ವ ಅತ್ತಳು. ಅತ್ತು, ಹೆಬ್ಬೆರಳಿಂದ ನನ್ನ ಹುಬ್ಬನ್ನು ಸವರಿ, ಬೆರಳಿಗೆ ಏನಾದರೂ ಹತ್ತಿದೆಯೇ ಎಂದು ನೋಡಿಕೊಂಡಳು. ಆಮೇಲೆ, "ನನ್ನ ತಾಟಿನ್ಯಾಗೂ ಉಣ್ಣು ಬಾ," ಎಂದು ರೊಟ್ಟಿಯ ಗಂಟು ಬಿಚ್ಚಿದಳು.

ಆಗಸ್ಟ್ 29, ಗುರುವಾರ

ಸ್ಕ್ಯಾನಿನಲ್ಲಿ ಮೂರು ಕಾಳುಗಳ ಪೈಕಿ ಒಂದು ಇಲ್ಲ. ಇನ್ನೆರಡು ಅರ್ಧಕ್ಕಿಂತ ಚಿಕ್ಕದಾಗಿವೆ.

"ಹೋಗಿಲ್ಲ, ಕರಗ್ತಿದೆ," ಎಂದರು ಡಾಕ್ಟರ್. "ಔಷಧಿ ನಡೀತಾ ಇರ್ಬೇಕು. ಮುಂದೆ ಏನು ಅಂತ ಇವತ್ತೇ ಹೇಳೋಕಾಗಲ್ಲ."

ಕಾಳು ಇದ್ದ ಜಾಗವನ್ನು ತೋರಿಸಿ ಎಂದು ಕೇಳಿದೆ. ಅಲ್ಲೇನೂ ಇರಲಿಲ್ಲ, ಬರೀ ಕಪ್ಪು. ಏನೂ ಇಲ್ಲದ್ದನ್ನು ಅಷ್ಟು ಹೊತ್ತು ನೋಡಿದ್ದು ನಾನೊಬ್ಬಳೇ ಇರಬೇಕು. ಸತ್ತ ಕೋಶಗಳು ಎಲ್ಲಿಗೆ ಹೋದವು? ರಕ್ತವೇ ತಿಂದುಹಾಕುತ್ತದಂತೆ.

ದುರ್ಗೇಶ ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದ. ಅಲ್ಲಿಂದಲೇ ಅವನನ್ನು ಡ್ಯೂಟಿಗೆ ಕಳಿಸಿ, ಹಲಸೂರಿನಿಂದ ಬೆನ್ನಿಗಾನಹಳ್ಳಿಗೆ ಮೆಟ್ರೋದಲ್ಲಿ ಒಬ್ಬಳೇ ಬಂದೆ. ಎದುರಿನ ಸೀಟಿನ ಮಗು ನನ್ನನ್ನೇ ನೋಡುತ್ತಿತ್ತು. ಯಾಕೆ ಎಂದು ಬೈಯಪ್ಪನಹಳ್ಳಿ ದಾಟಿದ ಮೇಲೆ ಹೊಳೆಯಿತು. ಮುಖಕ್ಕೆ ಏನೂ ಹಚ್ಚದೆ ಹೊರಟುಬಿಟ್ಟಿದ್ದೆ.

ಅಹ್ಮದ್ ಪಾಷಾರಿಗೆ ಫೋನ್ ಮಾಡಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಮಾಡಿದೆ. ಹೇಗಿದ್ದೀರಿ ಎಂದೆ. ಮಾತ್ರೆಯಿಂದ ಬಾಯಿ ಹುಣ್ಣಾಗಿದೆ, ಅಂಗಡಿಯಲ್ಲೇ ಇದ್ದೇನೆ ಎಂದರು. ನನ್ನ ಸುದ್ದಿ ಅವರೇ ಕೇಳಿ ತಿಳಿದುಕೊಂಡು, "ಮಾಶಾ ಅಲ್ಲಾ" ಎಂದು ಮೂರು ಸಲ ಹೇಳಿದರು.

ಸೆಪ್ಟೆಂಬರ್ 14, ಶನಿವಾರ

ಬೆಳಗ್ಗೆಯಿಂದ ಅಂಗಡಿ ತುಂಬ ಜನ. ಕಟ್ಟಡದ ಮಾಲೀಕರ ತಾಯಿ ಪಿಳ್ಳಮ್ಮ ಮೊಮ್ಮಗಳ ಮದುವೆಗೆಂದು ಎಪ್ಪತ್ತನೆಯ ವಯಸ್ಸಿನಲ್ಲಿ ಮೊದಲ ಫೇಶಿಯಲ್‌ಗೆ ಬಂದಿದ್ದರು. ನಗುವಾಗ ಕೆನ್ನೆಯ ಮಡಿಕೆಗಳೆಲ್ಲ ಕಣ್ಣಿನ ಕಡೆ ಓಡುತ್ತವೆ. ಅಂಥ ಮುಖಕ್ಕೆ ಏನು ಮಾಡುವುದೆಂದು ತೋಚದೆ ಮುಲ್ತಾನಿ ಮಿಟ್ಟಿಯ ಪ್ಯಾಕ್ ಹಚ್ಚಿ, "ಒಣಗೋವರೆಗೂ ಮಾತಾಡಬಾರದಮ್ಮ," ಎಂದು ಹೇಳಿ ಕೂರಿಸಿದೆ.

ಥ್ರೆಡಿಂಗ್‌ಗೆ ಕಾದಿದ್ದ ಹುಡುಗಿ, ಬೈಯಪ್ಪನಹಳ್ಳಿಯ ಪಿ.ಜಿ.ಯಲ್ಲಿ ಇರುವವಳಂತೆ, ಬಹಳ ಹೊತ್ತಿನಿಂದ ನನ್ನನ್ನೇ ನೋಡುತ್ತಿದ್ದಳು.

"ಮೇಡಂ, ಒಂದು ಕೇಳ್ಲಾ? ನಿಮ್ಮ ಹುಬ್ಬು ಒಂದು ಸೈಡ್ ವೈಟ್ ಮಾಡ್ಸಿದೀರಲ್ಲ, ಸೂಪರಾಗಿದೆ. ಎಲ್ಲಿ ಮಾಡ್ಸಿದ್ರಿ?"

ಪ್ರಿಯಾಳ ಹಲ್ಲಿನಲ್ಲಿ ಹಿಡಿದ ದಾರ ಹಾಗೇ ನಿಂತಿತು.

"ಆಸ್ಪತ್ರೇಲಿ," ಎಂದೆ.

ಹುಡುಗಿ ನಕ್ಕಳು. ನಾನು ನಗದಿರುವುದನ್ನು ಕಂಡು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಆಮೇಲೆ ಅವಳು ಕೇಳಿದಳು, ನಾನು ಹೇಳುತ್ತ ಹೋದೆ. ಹಿಮ್ಮಡಿ, ಬಣ್ಣದ ಕೋಶ, ಬ್ರೇಕು, ಕರುಳು, ಕಾಳುಗಳು, ಎರಡು ಇನ್ನೂ ಉಳಿದಿರುವುದು. ಕೂದಲಿಗೆ ಬಣ್ಣ ಹಚ್ಚಿಸಿಕೊಂಡಿದ್ದವಳು ಚಪ್ಪಲಿ ಬಿಚ್ಚಿ ತನ್ನ ಅಂಗಾಲು ನೋಡಿಕೊಂಡಳು. ಅವಳನ್ನು ನೋಡಿ ಇನ್ನೊಬ್ಬಳು. ಯಾರೂ ಎದ್ದು ಹೋಗಲಿಲ್ಲ. ಹೊರಗೆ ಟ್ಯಾಂಕರ್ ಹಾದುಹೋದಾಗ ಸದ್ದಿಗೆ ಒಂದು ಗಳಿಗೆ ನಿಲ್ಲಿಸಿದೆ. ಹೊತ್ತು ಬಹಳವಾಯಿತಲ್ಲ, ಕೆಲಸ ನೋಡೋಣ ಎಂದು ತಿರುಗಿದೆ.

ಪಿಳ್ಳಮ್ಮನ ಪ್ಯಾಕ್ ಯಾವಾಗಲೋ ಒಣಗಿ ಹೋಗಿತ್ತು. ಮುಖ ಅಲುಗಿಸಲು ಬಾರದು. ಕಣ್ಣು ಮಾತ್ರ ನನ್ನ ಮೇಲೆ ನೆಟ್ಟಿತ್ತು. ಹಲ್ಲು ಕಚ್ಚಿಕೊಂಡು, ತುಟಿ ಅಲ್ಲಾಡಿಸದೆ, ಗಂಟಲಿನಿಂದಲೇ ಕೇಳಿದರು:

"ಆಮೇಕೇನಾಯ್ತಮ್ಮ?"

ಗಲ್ಲದ ಮಣ್ಣು ಪಟಪಟನೆ ಬಿರುಕು ಬಿಟ್ಟಿತು.